ಇದು ಜೌಗು ಪ್ರದೇಶವಲ್ಲ, ಬರೀ ಕೆರೆ

ನಮ್ಮ ಬಡಾವಣೆಯ ಹಿಂದಿರುವ ಕೆರೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ನೀರು ನಿಂತಿರುತ್ತದೆ. ಅಂಚಿನುದ್ದಕ್ಕೂ ಜೊಂಡು ಬೆಳೆದಿದೆ, ನೀರುಕಾಗೆಗಳು ಒಣಗಿದ ಮರದ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯುತ್ತವೆ, ತಪ್ಪಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ ಮತ್ತು ಚಪ್ಪಲಿ ಮರಳಿ ಸಿಗುವುದಿಲ್ಲ. ಇಷ್ಟನ್ನು ಕಣ್ಣಾರೆ ಕಂಡವರು ಇದನ್ನು ಜೌಗು ಪ್ರದೇಶವೆಂದು ಕರೆದರೆ ಅವರನ್ನು ದೂರುವಂತಿಲ್ಲ. ಅವರು ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳನ್ನು ಓದಿಲ್ಲ, ಅಷ್ಟೆ.

ಆ ನಿಯಮಗಳ ವ್ಯಾಖ್ಯೆ ಆರಂಭದಲ್ಲಿ ಬಹಳ ಧಾರಾಳವಾಗಿದೆ. ಸಹಜವಾದದ್ದಾಗಲಿ ಕೃತಕವಾದದ್ದಾಗಲಿ, ಸದಾ ಇರುವುದಾಗಲಿ ಆಗಾಗ ಬಂದುಹೋಗುವುದಾಗಲಿ, ನಿಂತ ನೀರಾಗಲಿ ಹರಿಯುವ ನೀರಾಗಲಿ, ಸಿಹಿಯಾಗಲಿ ಉಪ್ಪಾಗಲಿ, ಎಲ್ಲವೂ ಜೌಗೇ ಎಂದು ಅದು ಎರಡೂ ಕೈ ಚಾಚಿ ಅಪ್ಪಿಕೊಳ್ಳುತ್ತದೆ. ಅಪ್ಪುಗೆ ಮುಗಿದ ಕೂಡಲೇ 'ಆದರೆ' ಬರುತ್ತದೆ. ನದಿಪಾತ್ರಗಳು ಜೌಗಲ್ಲ, ಭತ್ತದ ಗದ್ದೆಗಳು ಜೌಗಲ್ಲ, ಕುಡಿಯುವ ನೀರಿಗೆಂದೇ ಮನುಷ್ಯರು ಕಟ್ಟಿದ ಕೆರೆಕಟ್ಟೆಗಳು ಜೌಗಲ್ಲ, ಮೀನು ಸಾಕಣೆಗೆ, ಉಪ್ಪಿನ ತಯಾರಿಕೆಗೆ, ವಿಹಾರಕ್ಕೆ ಮತ್ತು ನೀರಾವರಿಗೆ ಕಟ್ಟಿದ ರಚನೆಗಳೂ ಜೌಗಲ್ಲ.

ಆ ಕೊನೆಯ 'ನೀರಾವರಿ' ಎಂಬ ಪದದ ಮೇಲೆ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ನಮ್ಮ ಸೀಮೆಯಲ್ಲಿ ಕೆರೆ ಎಂಬುದು ತಾನಾಗಿ ಹುಟ್ಟಿದ್ದಲ್ಲ. ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕಿ, ತೂಬಿಟ್ಟು, ತುಂಬಿ ಹೆಚ್ಚಾದ ನೀರು ಹೊರಹೋಗಲು ಕೋಡಿ ಬಿಟ್ಟು, ಕೆಳಗಿನ ಅಚ್ಚುಕಟ್ಟಿನ ಗದ್ದೆಗಳಿಗೆ ನೀರುಣಿಸಲೆಂದೇ ಅರಸರೂ ಗೌಡರೂ ಪಾಳೇಗಾರರೂ ಕಟ್ಟಿಸಿದ್ದು ಅದು. ಕಟ್ಟಿಸಿದ್ದಷ್ಟೇ ಅಲ್ಲದೆ, ಇಂಥ ಸಂವತ್ಸರದಲ್ಲಿ ಇಂಥವರು ಇಂಥ ಭೂಮಿಗೆ ನೀರಾಗಲೆಂದು ಈ ಕೆರೆಯನ್ನು ಕಟ್ಟಿಸಿದರು ಎಂದು ಕಲ್ಲಿನ ಮೇಲೆ ಕೊರೆಸಿ, ಸೂರ್ಯಚಂದ್ರರ ಗುರುತನ್ನೂ ಹಾಕಿಸಿ ಹೋಗಿದ್ದಾರೆ. ಪುಣ್ಯ ಬರಲೆಂದು ಕೊರೆಸಿದ ಆ ಶಾಸನ ಇಂದು ಕೆರೆಯ ವಿರುದ್ಧ ಹಾಜರುಪಡಿಸಬಹುದಾದ ಅತ್ಯುತ್ತಮ ಸಾಕ್ಷ್ಯ. ಕಟ್ಟಿಸಿದವರು ಉದ್ದೇಶವನ್ನು ಬರೆಸದೆ ಸುಮ್ಮನಿದ್ದಿದ್ದರೆ ಕೆರೆಗೆ ಅನುಮಾನದ ಲಾಭವಾದರೂ ಸಿಗುತ್ತಿತ್ತು.

ಹಾಗೆಂದು ನಮ್ಮಲ್ಲಿ ಜೌಗು ಪ್ರದೇಶಗಳೇ ಇಲ್ಲವೆಂದು ತಿಳಿಯಬಾರದು. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಕರ್ನಾಟಕದಲ್ಲಿ ಮೊದಲು ಸಿಕ್ಕಿದ್ದು 2022ರಲ್ಲಿ ರಂಗನತಿಟ್ಟಿಗೆ. 2024ರಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಟ್ಟಿಗೆ ಸೇರಿದವು. ರಂಗನತಿಟ್ಟು ಇರುವುದು ಕಾವೇರಿಯ ಪಾತ್ರದಲ್ಲಿ. ಮಾಗಡಿ ಕೆರೆ ಮತ್ತು ಅಂಕಸಮುದ್ರ ಎರಡೂ ನೀರಾವರಿಗೆಂದು ಜನ ಕಟ್ಟಿಕೊಂಡ ಕೆರೆಗಳು. ಅಂದರೆ ಜಗತ್ತು ಒಪ್ಪಿದ ನಮ್ಮ ನಾಲ್ಕು ಜೌಗುಗಳಲ್ಲಿ ಮೂರು, ನಮ್ಮದೇ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ, ಜೌಗೇ ಅಲ್ಲ. ರಾಮ್ಸರ್ ಪಟ್ಟಿಗೆ ಸೇರಿದ್ದಕ್ಕೆ ನಿಯಮಗಳ ರಕ್ಷಣೆ ಉಂಟೆಂಬುದು ನಿಜ. ವಿದೇಶಕ್ಕೆ ಹೋಗಿ ಓದಿ ಬಂದ ಮಗನನ್ನು ಮನೆಯವರು ಜಾಣನೆಂದು ಒಪ್ಪಿಕೊಳ್ಳುವಂತೆ, ಹೊರಗಿನ ಪ್ರಮಾಣಪತ್ರ ತಂದ ಕೆರೆಯನ್ನು ನಾವೂ ಜೌಗೆಂದು ಒಪ್ಪುತ್ತೇವೆ. ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು ಮಾತ್ರ ಇಳಿಯುವ ಮುನ್ನ ಉದ್ದೇಶದ ಕಲಮನ್ನು ಪರಿಶೀಲಿಸುತ್ತಿರುವ ಲಕ್ಷಣಗಳಿಲ್ಲ.

ಉಪಗ್ರಹಗಳೂ ಪರಿಶೀಲಿಸಿರಲಿಲ್ಲ. ಆಕಾಶದಿಂದ ನೋಡಿ, 2.25 ಹೆಕ್ಟೇರಿಗಿಂತ ದೊಡ್ಡದಾದ ಜೌಗುಗಳು ದೇಶದಲ್ಲಿ 2,01,503 ಇವೆ ಎಂದು ಅವು ಲೆಕ್ಕ ಒಪ್ಪಿಸಿದವು. ಇವಿಷ್ಟನ್ನೂ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅಲ್ಲಿಂದ ಶುರುವಾದದ್ದು ನೆಲಮಟ್ಟದ ತಾಳೆ ನೋಡುವ ಕೆಲಸ: ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ ಯಂತ್ರಕ್ಕೆ ಕಂಡ ಕೆರೆಯು ಅದರ ದಡದಲ್ಲೇ ನಿಂತ ಅಧಿಕಾರಿಗೂ ಕಾಣುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಅವಸರ ಮಾಡುವ ಕೆಲಸವಲ್ಲ ಇದು. ತಡವಾದಷ್ಟೂ ತಾಳೆ ನೋಡಬೇಕಾದ ಕೆರೆಗಳ ಸಂಖ್ಯೆ ತಾನಾಗಿಯೇ ಇಳಿಯುವ ಸಂಭವವಿರುವುದರಿಂದ, ತಾಳ್ಮೆಯಿರುವ ಇಲಾಖೆಗೆ ಕೆಲಸ ಹಗುರವಾಗುತ್ತದೆ.

ಜೌಗಲ್ಲದ ಕೆರೆಗೆ ರಾಜ್ಯದ್ದೇ ಕಾನೂನುಗಳಿವೆ, ಮತ್ತು ಅವುಗಳ ಮೂಲಮಂತ್ರ ಮೀಟರು. ಬೆಂಗಳೂರಿನ 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಕಟ್ಟಡ ಕಟ್ಟದ ಮೀಸಲು ಜಾಗ ಎಂದಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಯೋಜನೆಯಲ್ಲಿರುವ ಅಂತರವನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು ಆ ಆದೇಶವನ್ನು ಬದಿಗಿಟ್ಟಿತು. ಹೀಗೆ ಮೂರು ವರ್ಷಗಳ ಕಾಲ ಬೆಂಗಳೂರಿನ ಪ್ರತಿಯೊಂದು ಕೆರೆಯೂ 45 ಮೀಟರ್ ಉಬ್ಬಿ, ಮತ್ತೆ 45 ಮೀಟರ್ ಕುಗ್ಗಿತು. ಒಂದು ಹನಿ ನೀರೂ ಅಲುಗಲಿಲ್ಲ.

ಈ ಏಕರೂಪದ 30 ಮೀಟರಿನಲ್ಲಿ ಸಾಮಾಜಿಕ ನ್ಯಾಯ ಕಾಣುತ್ತಿರಲಿಲ್ಲವೆಂದು ತೋರುತ್ತದೆ. ದೊಡ್ಡ ಕೆರೆಗೂ ಚಿಕ್ಕ ಕೆರೆಗೂ ಒಂದೇ ಮರ್ಯಾದೆ ಎಂದರೆ ಹೇಗೆ? ಆದ್ದರಿಂದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿ ಮಸೂದೆ, ಸಂಬಳಕ್ಕೆ ತಕ್ಕ ತೆರಿಗೆಯ ಹಾಗೆ ವಿಸ್ತೀರ್ಣಕ್ಕೆ ತಕ್ಕ ಅಂತರವನ್ನು ಗೊತ್ತುಮಾಡಿತು: 100 ಎಕರೆ ಮೀರಿದ ಕೆರೆಗೆ ಹಳೆಯ 30 ಮೀಟರ್, 25ರಿಂದ 100 ಎಕರೆಯದಕ್ಕೆ 24, 10ರಿಂದ 25 ಎಕರೆಯದಕ್ಕೆ 12, 1ರಿಂದ 10 ಎಕರೆಯದಕ್ಕೆ 6 ಮೀಟರ್. ತೀರಾ ಸಣ್ಣ ಕುಂಟೆಗಳಿಗೆ ಅಂತರವೇ ಬೇಕಿಲ್ಲ. ಅವು ಹೇಗೂ ಹೆಚ್ಚು ದಿನ ಇರುವವಲ್ಲ. ಉಳಿದ ಅಂತರದಲ್ಲೂ ಸಾರ್ವಜನಿಕ ಉದ್ದೇಶಕ್ಕಾದರೆ ರಸ್ತೆ, ಸೇತುವೆ, ಒಳಚರಂಡಿ ಕೊಳವೆ ಮುಂತಾದವು ಬರಬಹುದು. ಕೆರೆಯನ್ನು ಕಟ್ಟಡಗಳಿಂದ ದೂರವಿಡಲು ಬಿಟ್ಟ ಜಾಗ ಖಾಲಿ ಬಿದ್ದಿರುವುದು ಅಧಿಕಾರದಲ್ಲಿರುವವರ ಕಣ್ಣಿಗೆ ಒಣಗಲು ಹಾಕಿದ ಹಪ್ಪಳದಂತೆ ಕಾಣುತ್ತದೆ. ಒಂದನ್ನಾದರೂ ಮುರಿದು ಬಾಯಿಗೆ ಹಾಕಿಕೊಳ್ಳದೆ ಆ ದಾರಿಯಲ್ಲಿ ಹೋಗಲು ಸಾಧ್ಯವೇ ಇಲ್ಲ.

ಈ ಲೆಕ್ಕದ ಸೂಕ್ಷ್ಮವನ್ನು ನಾನು ಅರಿತದ್ದು ನಮ್ಮ ಕೆರೆಯ ಸರ್ವೆ ನಡೆದ ದಿನ. ಬೆಳಿಗ್ಗೆ ಹತ್ತೂವರೆಗೆ ಮೂರು ಕಾಲಿನ ಯಂತ್ರವನ್ನು ಏರಿಯ ಮೇಲೆ ನಿಲ್ಲಿಸಲಾಯಿತು. ಬಿಸಿಲಿಗೆ ಯಂತ್ರಕ್ಕೆ ಕೊಡೆ ಹಿಡಿದವನೊಬ್ಬ, ಕೆಂಪು-ಬಿಳಿ ಪಟ್ಟೆಯ ಕೋಲು ಹಿಡಿದು ಕೆಸರಿನಲ್ಲಿ ನಿಂತವನೊಬ್ಬ, ಇಬ್ಬರಿಗೂ ಎಳನೀರು ತರಿಸಿಕೊಟ್ಟ ಪಕ್ಕದ ನಿವೇಶನದ ಮಾಲೀಕರು, ಮತ್ತು ಯಾರೂ ಕರೆಯದೆ ಬಂದು ಹುಣಸೆಮರದ ಬುಡದಲ್ಲಿ ಕುಳಿತ ಹಳೆಯ ನೀರುಗಂಟಿ. ಬಡಾವಣೆಯಾಗುವ ಮೊದಲು ಈ ಕೆರೆಯ ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ಮನುಷ್ಯ ಆತ.

"ಸ್ವಾಮಿ, ಕೋಡಿ ಬಿದ್ದಾಗ ನೀರು ಈ ಹುಣಸೆ ಬುಡಕ್ಕೆ ಬತ್ತದೆ. ಅಲ್ಲಿಗೆ ಕಲ್ಲು ಹಾಕ್ಬೇಡಿ, ಇಲ್ಲಿಗೆ ಹಾಕಿ" ಎಂದ ಆತ.

ಸರ್ವೆಯವರು ಬಹಳ ಸೌಜನ್ಯದಿಂದಲೇ ಉತ್ತರಿಸಿದರು: "ಯಜಮಾನ್ರೇ, ನೀರು ಎಲ್ಲಿಗೆ ಬರುತ್ತೆ ಅನ್ನೋದು ನಮಗೆ ಬರೋದಿಲ್ಲ. ಗ್ರಾಮನಕ್ಷೇಲಿ ಗೆರೆ ಎಲ್ಲಿದೆ ಅನ್ನೋದಷ್ಟೇ ನಮಗೆ. ಈ ಹುಣಸೆಮರ ನಕ್ಷೇಲೇ ಇಲ್ಲ."

ತನ್ನ ಅಜ್ಜನ ಕಾಲದಿಂದ ಇರುವ ಮರ ನಕ್ಷೆಯಲ್ಲಿಲ್ಲವೆಂದು ಕೇಳಿ ಆತ ಒಮ್ಮೆ ಹಿಂದೆ ತಿರುಗಿ ಮರವನ್ನು ಮುಟ್ಟಿ ನೋಡಿದ. ಅಷ್ಟರಲ್ಲಿ ಕೆರೆಯ ವಿಸ್ತೀರ್ಣ ಹೊರಬಿತ್ತು. ಪಹಣಿಯಲ್ಲಿ 10 ಎಕರೆ 2 ಗುಂಟೆ ಇದ್ದದ್ದು ಈಗ 9 ಎಕರೆ 38 ಗುಂಟೆ. ನಾಲ್ಕು ಗುಂಟೆ ಎಲ್ಲಿ ಹೋಯಿತೆಂದು ನಾನು ಕೇಳಿದ್ದಕ್ಕೆ, ಸಣ್ಣ ವ್ಯತ್ಯಾಸ, ಹಿಂದೆ ಸರಪಳಿಯಲ್ಲಿ ಅಳೆಯುತ್ತಿದ್ದರು ಎಂಬ ಉತ್ತರ ಬಂತು. ಎಳನೀರು ತರಿಸಿದವರ ಮಗ ಓದಿಕೊಂಡ ಹುಡುಗ; ಮೊಬೈಲಿನಲ್ಲಿ ಏನೋ ಗುಣಿಸಿ ತಂದೆಯ ಕಿವಿಯಲ್ಲಿ ಹೇಳಿದ. ಮಸೂದೆಯ ಲೆಕ್ಕ ಹಿಡಿದರೆ 10 ಎಕರೆ ದಾಟಿದ ಕೆರೆಗೆ 12 ಮೀಟರ್, ದಾಟದ ಕೆರೆಗೆ 6. ನಾಲ್ಕು ಗುಂಟೆ ಕೆರೆಯನ್ನು ಕಳೆದುಕೊಂಡದ್ದಕ್ಕೆ ಕೆರೆಯು ತನ್ನ ಸುತ್ತಲೂ ಇನ್ನೂ ಆರು ಮೀಟರ್ ಜಾಗವನ್ನು ದಂಡವಾಗಿ ಕಟ್ಟಬೇಕು. ಕಳ್ಳತನವಾದ ಮನೆಯವರಿಗೇ ಜುಲ್ಮಾನೆ ಹಾಕಿ, ಅದನ್ನು ಕಳ್ಳನಿಗೆ ತಲುಪಿಸುವ ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. (ಕೆರೆಯ ನೀರುಣ್ಣುವ ಭೂಮಿಗೆ ಹೇಳುತ್ತಿದ್ದ 'ಅಚ್ಚುಕಟ್ಟು' ಎಂಬ ಪದ ನಮ್ಮ ಬಡಾವಣೆಯಲ್ಲಿ ಈಗ ಇಂಥ ಕಡೆ ಮಾತ್ರ ಬಳಕೆಯಲ್ಲಿದೆ.)

ಕಾನೂನಿಲ್ಲದ್ದಕ್ಕೆ ಕೆರೆಗಳು ಹಾಳಾದವೆನ್ನುವವರು ಬೆಳ್ಳಂದೂರನ್ನು ನೋಡಬೇಕು. ಅದು ಸುಮಾರು 900 ಎಕರೆಯ ಕೆರೆ, ಯಾವ ಕೋಷ್ಟಕದಲ್ಲಿಟ್ಟರೂ ಮೊದಲ ದರ್ಜೆಯದು. ಸಂಸ್ಕರಿಸದ ಚರಂಡಿ ನೀರು, ಅದರೊಡನೆ ಬಟ್ಟೆಸೋಪು ಸೇರಿ ಅಲ್ಲಿ ನೊರೆಯೆದ್ದು ರಸ್ತೆಗೆ ಹಾರತೊಡಗಿದಾಗ, ಆಡಳಿತ ಮಾಡಿದ ಮೊದಲ ಕೆಲಸಗಳಲ್ಲೊಂದು ನೊರೆ ದಾಟದಂತೆ ತಂತಿಬಲೆ ಕಟ್ಟಿದ್ದು. ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯಿಂದ ನಮ್ಮ ಹಿರಿಯರು ಮುಂದಾಲೋಚನೆಯಿಲ್ಲದವರನ್ನು ಹಂಗಿಸುತ್ತಿದ್ದರು. ಬೆಳ್ಳಂದೂರಿನಲ್ಲಿ ತೋಡುವ ಅಗತ್ಯವೇ ಬರಲಿಲ್ಲ, ಬೆಂಕಿ ಬಿದ್ದದ್ದೇ ಕೆರೆಗೆ. 2018ರ ಜನವರಿಯಲ್ಲಿ ಅದನ್ನು ಆರಿಸಲು ಸುಮಾರು 5,000 ಸೈನಿಕರು ಬರಬೇಕಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಹೀಗೆ ನಾಗರಿಕರು, ತಮ್ಮ ಕೆರೆ ಹಾಳಾದದ್ದಕ್ಕೆ, ತಮ್ಮದೇ ತೆರಿಗೆಯಿಂದ, ತಮಗೇ ದಂಡ ಕಟ್ಟಿಕೊಳ್ಳುವ ಭಾಗ್ಯ ಪಡೆದರು.

ಹೊಣೆ ಯಾರದು ಎಂದು ಕೇಳುವುದು ಅಸಭ್ಯತೆ. ನೆಲ ಕಂದಾಯದವರದು, ಹೂಳು ಒಬ್ಬರದು, ಮೀನು ಇನ್ನೊಬ್ಬರದು, ಚರಂಡಿ ಜಲಮಂಡಳಿಯದು, ನೊರೆಯ ಮಾದರಿಯನ್ನು ಸೀಸೆಯಲ್ಲಿ ಒಯ್ಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯದು, ದಡದ ನಡಿಗೆಪಥ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿರುವುದರಿಂದ, ನಮಗೆ ಸಂಬಂಧಿಸಿದ್ದಲ್ಲ ಎಂದು ಹಿಂಬರಹ ಕೊಡುವ ಸಾಮರ್ಥ್ಯವೂ ಐದು ಪಟ್ಟಾಗಿದೆ.

ವರದಿಗಳಿಗೂ ಬರವಿಲ್ಲ. 1985ರಲ್ಲಿ ನೇಮಕವಾದ ಲಕ್ಷ್ಮಣರಾವ್ ಸಮಿತಿಯಿಂದ ಹಿಡಿದು, ಎ.ಟಿ. ರಾಮಸ್ವಾಮಿ ಸಮಿತಿ, ಬಾಲಸುಬ್ರಮಣಿಯನ್ ಕಾರ್ಯಪಡೆ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ, ಕೆ.ಬಿ. ಕೋಳಿವಾಡ ಸದನ ಸಮಿತಿ ಎಲ್ಲರೂ ಪ್ರಾಮಾಣಿಕವಾಗಿ ದುಡಿದು ಬರೆದದ್ದನ್ನು ಒಂದರ ಮೇಲೊಂದು ಪೇರಿಸಿದರೆ ಒಳ್ಳೆಯ ಏರಿಯೇ ಆಗುತ್ತದೆ. ತೂಬು ಮಾತ್ರ ಇಟ್ಟಿಲ್ಲ. ಒಳಗಿರುವುದು ಹೊರಗೆ ಹರಿಯುವುದಿಲ್ಲ.

ಕೆರೆಯನ್ನು ಶಾಶ್ವತವಾಗಿ ಉಳಿಸಿದ ಉದಾಹರಣೆ ಬೇಕೆಂದರೆ ಮೆಜೆಸ್ಟಿಕ್ಕಿಗೆ ಹೋಗಬೇಕು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಅಲ್ಲಿ ಈಗ ನೊರೆಯಿಲ್ಲ, ಹೂಳಿಲ್ಲ, ಜೊಂಡಿಲ್ಲ, ಒತ್ತುವರಿಯ ಮೊಕದ್ದಮೆಯೂ ಇಲ್ಲ. ಮೆಜೆಸ್ಟಿಕ್ಕಿನ ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರೊಂದನ್ನು ಯಾರೋ ಅಳಿಸಲು ಮರೆತಿದ್ದಾರೆ.

ನಮ್ಮ ಕೆರೆಗೆ ಸರ್ವೆಯವರು ಹಾಕಿದ ಬಾಂದುಕಲ್ಲು ಹುಣಸೆಮರಕ್ಕಿಂತ ಸಾಕಷ್ಟು ಒಳಗಿತ್ತು. ಮುಂದಿನ ಮಳೆಗಾಲದ ಎರಡನೆಯ ದೊಡ್ಡ ಮಳೆಗೆ ಕೋಡಿ ಬಿತ್ತು. ರಾತ್ರಿಯೇ ನೀರು ಕಲ್ಲನ್ನು ಮುಳುಗಿಸಿ, ಎಳನೀರಿನವರ ಹೊಸ ಕಾಂಪೌಂಡಿನ ಗೇಟಿನಡಿ ನುಸುಳಿ, ಅಂಗಳ ದಾಟಿ, ಬೆಳಗಿನ ಹೊತ್ತಿಗೆ ಹುಣಸೆಯ ಬುಡದಲ್ಲಿ ನಿಂತಿತ್ತು. ಕಾರಿನ ಚಕ್ರದ ಪಕ್ಕದಲ್ಲಿ ಒಂದು ಬೆಳ್ಳಕ್ಕಿ ಮೀನು ಹುಡುಕುತ್ತಿತ್ತು. ಮಾಲೀಕರು ಪಂಚೆ ಎತ್ತಿ ಕಟ್ಟಿಕೊಂಡು ಫೋಟೋ ತೆಗೆಸಿ, ಸರ್ವೆ ನಂಬರನ್ನೂ ಹದ್ದುಬಸ್ತಿನ ನಕ್ಷೆಯ ಪ್ರತಿಯನ್ನೂ ಲಗತ್ತಿಸಿ, ಸದರಿ ಕೆರೆಯು ತಮ್ಮ ಖಾಸಗಿ ಸ್ವತ್ತನ್ನು ಅಕ್ರಮವಾಗಿ ಒತ್ತುವರಿ ಮಾಡಿದೆಯೆಂದೂ ಕೂಡಲೇ ತೆರವುಗೊಳಿಸಬೇಕೆಂದೂ ಅರ್ಜಿ ಬರೆದರು. ಅರ್ಜಿಗೆ ಸ್ವೀಕೃತಿ ಸಂಖ್ಯೆ ಬಂದಿದೆ; ಸ್ಥಳ ಪರಿಶೀಲನೆ ನೀರು ಇಳಿದ ಮೇಲೆ ನಡೆಯುತ್ತದಂತೆ.