ಸೆಟಲ್ಡ್ ಎಂದರೆ ತೀರಿತು ಎಂದಲ್ಲ

ಗೃಹಸಾಲದ ಅರ್ಜಿ ಹಿಡಿದು ಎದುರಿಗೆ ಕುಳಿತಿದ್ದ ನನಗೆ ಕಾಣುವಂತೆ ಬ್ಯಾಂಕಿನ ಅಧಿಕಾರಿ ಕಂಪ್ಯೂಟರ್ ಪರದೆಯನ್ನು ಅರ್ಧ ತಿರುಗಿಸಿ, "ಸರ್, ನಿಮ್ಮ ಈ ಕಾರ್ಡಿನ ಖಾತೆ ಕ್ಲೋಸ್ ಆಗಿಲ್ಲ, ಸೆಟಲ್ ಆಗಿದೆ" ಎಂದರು. ಎರಡೂ ಒಂದೇ ಅಲ್ಲವೇ ಎಂದು ನಾನು ಕೇಳಿದೆ. ಅವರು ಉತ್ತರ ಹೇಳುವ ಬದಲು ನನ್ನ ಕಾಗದಗಳನ್ನು ಒಟ್ಟು ಮಾಡಿ, ಅಂಚು ಸರಿಪಡಿಸಿ, ನನ್ನ ಕಡೆಗೇ ಸರಿಸಿದರು.

ಅದಕ್ಕೆ ಕೆಲವು ವರ್ಷಗಳ ಹಿಂದೆ ಕೆಲಸ ಕಳೆದುಕೊಂಡು ಏಳು ತಿಂಗಳು ಮನೆಯಲ್ಲಿ ಕುಳಿತಿದ್ದಾಗ ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಲಾಗದೆ ಬೆಳೆದಿತ್ತು. ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡುತ್ತಿದ್ದ ವಸೂಲಿಯವರು ಒಂದು ದಿನ ಇದ್ದಕ್ಕಿದ್ದಂತೆ ದನಿ ಮೆತ್ತಗೆ ಮಾಡಿಕೊಂಡು, ಅರ್ಧ ಕಟ್ಟಿದರೆ ಉಳಿದದ್ದನ್ನು ಬಿಟ್ಟುಬಿಡುತ್ತೇವೆ ಎಂದಾಗ, ತಂಗಿಯ ಹತ್ತಿರ ಕೈಗಡ ಮಾಡಿ ಆ ಅರ್ಧವನ್ನು ಕಟ್ಟಿದೆ. ಅವರು ಕಳಿಸಿದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿಟ್ಟು, ಋಣ ಹರಿಯಿತು ಎಂದು ನಿರಾಳನಾಗಿದ್ದೆ. ಆದರೆ ಸಾಲ ಕೊಡುವವರ ಲೆಕ್ಕದಲ್ಲಿ 'ಕ್ಲೋಸ್ಡ್' ಎಂದರೆ ಪೂರ್ತಿ ಬಂದು ಮುಟ್ಟಿದ ಸಾಲ, 'ಸೆಟಲ್ಡ್' ಎಂದರೆ ಕೊಟ್ಟವನು ನಷ್ಟ ನುಂಗಿಕೊಂಡು ಕೈಬಿಟ್ಟ ಸಾಲ. ಈ ವ್ಯತ್ಯಾಸವನ್ನು ರಾಜಿಗೆ ಒಪ್ಪಿಸುವ ಹೊತ್ತಿನಲ್ಲಿ ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ ಕಟ್ಟುಪಾಡು ಅವರಿಗೆ ಇರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಸಂಜೆ ಮೊದಲ ಸಲ ನನ್ನದೇ ಕ್ರೆಡಿಟ್ ರಿಪೋರ್ಟನ್ನು, ಅಂದರೆ ನಾನು ಸಾಲ ತೀರಿಸಿದ ಬಗೆಯ ದಾಖಲೆಯನ್ನು, ತರಿಸಿಕೊಂಡು ಓದಿದೆ. ಪ್ರತಿ ಸಾಲದ ಕೆಳಗೂ ತಿಂಗಳಿಗೊಂದರಂತೆ ಚಿಕ್ಕ ಚೌಕಗಳ ಸಾಲು. ಕಂತು ಸರಿಯಾಗಿ ಕಟ್ಟಿದ ತಿಂಗಳಲ್ಲಿ ಮೂರು ಸೊನ್ನೆ, ತಪ್ಪಿದ ತಿಂಗಳಲ್ಲಿ ಎಷ್ಟು ದಿನ ತಡವಾಯಿತು ಎಂಬ ಅಂಕಿ. ಸೊನ್ನೆ, ಸೊನ್ನೆ, ಸೊನ್ನೆ ಎಂದು ನೆಟ್ಟಗೆ ಬಂದ ಸಾಲು ಒಂದು ಕಡೆ 30 ಆಗಿ, 60 ಆಗಿ, 90 ದಾಟಿ ಮೇಲಕ್ಕೇರಿತ್ತು. ನಾನು ಕೆಲಸವಿಲ್ಲದೆ ಕಳೆದ ತಿಂಗಳುಗಳನ್ನು ಬೆರಳಿಟ್ಟು ಗುರುತಿಸಬಹುದಾಗಿತ್ತು. ಕಂಪನಿ ಮುಚ್ಚಿದ್ದು, ಅಪ್ಪನ ಆಸ್ಪತ್ರೆಯ ಖರ್ಚು, ಯಾವುದಕ್ಕೂ ಅಲ್ಲಿ ಚೌಕವಿರಲಿಲ್ಲ.

ಇದನ್ನು ಬರೆಯಲು ಕಾರಣ, ಸಾಲದ ಇತಿಹಾಸ ಕೆಟ್ಟಿರುವವರು ಹೆದರುವುದು ಬಹುತೇಕ ತಪ್ಪು ವಿಷಯಕ್ಕೆ ಎಂಬುದು. ನಾವು ಹೆದರುವುದು ಅರ್ಜಿ ತಿರಸ್ಕಾರವಾದೀತು ಎಂದು. ಹೆದರಬೇಕಾದದ್ದು, ಆ ತಿರಸ್ಕಾರದ ಅವಮಾನದಲ್ಲಿ ಮುಂದೆ ಯಾರು 'ಕೊಡುತ್ತೇನೆ' ಎಂದರೂ ಕೈಯೊಡ್ಡಿಬಿಡುತ್ತೇವಲ್ಲ, ಅದಕ್ಕೆ.

ಮೊದಲು, ಆ ರಿಪೋರ್ಟನ್ನು ಆಧರಿಸಿ ಕೊಡುವ ಸ್ಕೋರ್ ಎಂಬ ಮೂರಂಕಿಯ ಬಗ್ಗೆ. ಅಮೆರಿಕದಲ್ಲಿ 1956ರಲ್ಲಿ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಎಂಬ ಇಬ್ಬರು ಕಟ್ಟಿದ ಸಂಸ್ಥೆಯೇ ಮುಂದೆ ಫೈಕೋ ಎಂದು ಹೆಸರಾಗಿ, 1989ರಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಬಗೆಯ ಅಂಕವನ್ನು ಹೊರತಂದಿತು. ಅವರ ಲೆಕ್ಕದಲ್ಲಿ ಕಂತು ಕಟ್ಟಿದ ದಾಖಲೆಗೆ ಶೇಕಡಾ 35, ಬಾಕಿ ಇರುವ ಸಾಲದ ಪ್ರಮಾಣಕ್ಕೆ ಶೇಕಡಾ 30ರ ತೂಕ. ಖಾತೆಗಳ ವಯಸ್ಸು, ಹೊಸ ಸಾಲ, ಸಾಲದ ಬಗೆಗಳಿಗೆ ಮಿಕ್ಕದ್ದು. ಸಂಬಳಕ್ಕೆ ಅಲ್ಲಿ ಜಾಗವೇ ಇಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ದೊಡ್ಡ ಸಂಬಳದವನ ಅಂಕ ನೆಲ ಕಚ್ಚಿರಬಹುದು, ಸಣ್ಣ ಸಂಬಳದವನದು ಮೇಲೆ ಇರಬಹುದು. ಆದರೆ ಮನೆಸಾಲ ಕೊಡುವವನು ಅಂಕವನ್ನು ಮಾತ್ರ ನೋಡಿ ಎದ್ದು ಹೋಗುವುದಿಲ್ಲ. ತಪ್ಪಿದ್ದು ಯಾವಾಗ, ಯಾವ ಸಾಲದಲ್ಲಿ, ಆಮೇಲೆ ನಡವಳಿಕೆ ಸರಿಹೋಯಿತೇ ಎಂದು ನೋಡುತ್ತಾನೆ. ಐದು ವರ್ಷದ ಹಿಂದಿನ ಒಂದು ಗುಡ್ಡೆ ತಪ್ಪಿಗಿಂತ ಕಳೆದ ಆರು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಿದ ಕಂತು ಅವನಿಗೆ ಹೆಚ್ಚು ದಿಗಿಲು ಹುಟ್ಟಿಸುತ್ತದೆ; ಅದರಲ್ಲೂ ಹಳೆಯ ಮನೆಸಾಲದಲ್ಲೇ ಸುಸ್ತಿಯಾಗಿದ್ದರೆ ಮಾತು ಮುಂದುವರಿಯುವುದೇ ಕಷ್ಟ.

ರಿಪೋರ್ಟನ್ನು ಓದಬೇಕಾದ ಇನ್ನೊಂದು ಕಾರಣ, ಅದರಲ್ಲಿರುವುದೆಲ್ಲ ನಿಜವಾಗಿರಬೇಕಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರ ಒಂದಾದರೂ ರಿಪೋರ್ಟಿನಲ್ಲಿ ತಪ್ಪು ಸಿಕ್ಕಿತ್ತು. ಭಾರತದಲ್ಲಿ 2005ರ ಕಾಯ್ದೆಯಡಿ ಇಂಥ ತಪ್ಪನ್ನು ತಿದ್ದಿಸಿಕೊಳ್ಳುವ ಹಕ್ಕಿದ್ದು, ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿಯೂ ಸಿಗುತ್ತದೆ. ನನ್ನ ರಿಪೋರ್ಟಿನಲ್ಲಿ ಅಂಥ ತಪ್ಪು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ಆ ರಾತ್ರಿ ಅನ್ನಿಸಿದ್ದು ಸುಳ್ಳಲ್ಲ. ನನ್ನ ಸ್ನೇಹಿತರೊಬ್ಬರದು ಬೇರೆ ಕಥೆ: ತಮ್ಮ ಹೆಸರಿನಲ್ಲಿ ಒಂದು ಪೈಸೆ ಸಾಲವಿಲ್ಲದ ಅವರು, ಭಾವನವರ ಸಾಲಕ್ಕೆ ಜಾಮೀನು ಹಾಕಿ ಮರೆತೇಬಿಟ್ಟಿದ್ದರು. ಭಾವನವರ ಕಂತು ತಪ್ಪಿದ್ದು ಇವರ ರಿಪೋರ್ಟಿನಲ್ಲಿ ಬಂದು ಕುಳಿತಿತ್ತು.

ಈಗ ಆ 'ಕೊಡುತ್ತೇನೆ' ಎನ್ನುವವರ ವಿಷಯ. ಬ್ಯಾಂಕಿನಿಂದ ಹೊರಬಂದು ವಾರ ಕಳೆದಿರಲಿಲ್ಲ, ಮಧ್ಯವರ್ತಿಯೊಬ್ಬ ಫೋನ್ ಮಾಡಿ, ಸ್ಕೋರ್ ಎಷ್ಟಿದ್ದರೂ ಪರವಾಗಿಲ್ಲ, ಬಡ್ಡಿ ಮಾತ್ರ ಶೇಕಡಾ ಮೂರು ಹೆಚ್ಚಾಗುತ್ತದೆ ಎಂದ. ಆ 'ಮಾತ್ರ' ಎಂಬ ಪದವನ್ನು ಲೆಕ್ಕ ಹಾಕಿ ನೋಡೋಣ. ನಾಣ್ಯ ಯಾವುದಾದರೂ ಇರಲಿ, ಒಂದು ಲಕ್ಷ ಸಾಲಕ್ಕೆ 20 ವರ್ಷದ ಅವಧಿಯಲ್ಲಿ ಶೇಕಡಾ 8.5ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 868; ಶೇಕಡಾ 11.5 ಆದರೆ ಸುಮಾರು 1,066. ತಿಂಗಳಿಗೆ ಇನ್ನೂರರಷ್ಟೇ ವ್ಯತ್ಯಾಸ ಎನ್ನಿಸುತ್ತದೆ. 240 ಕಂತು ಮುಗಿಯುವಾಗ ಅದು 47,000 ದಾಟಿರುತ್ತದೆ, ಅಂದರೆ ಅಸಲಿನ ಹತ್ತಿರ ಹತ್ತಿರ ಅರ್ಧ. ಒಮ್ಮೆ ಕಟ್ಟಲಾಗದೆ ಸೋತವನು ಎಂಬ ಕಾರಣಕ್ಕೇ ಅವನ ಹೆಗಲಿಗೆ ಎಲ್ಲರಿಗಿಂತ ಭಾರದ ಕಂತು ಹೊರಿಸಿ, ಮತ್ತೆ ಸೋತಾಗ 'ನಮ್ಮ ಅಂದಾಜು ಸರಿಯಾಗಿತ್ತು' ಎನ್ನುವ ಈ ವ್ಯವಸ್ಥೆಯ ತರ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಇದು ದೊಡ್ಡ ಪ್ರಮಾಣದಲ್ಲಿ ನಡೆದರೆ ಏನಾಗುತ್ತದೆ ಎಂಬುದನ್ನು ಜಗತ್ತು ನೋಡಿದೆ. 2008ಕ್ಕೆ ಮುಂಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಸಾಲದ ದಾಖಲೆ ಕೆಟ್ಟಿದ್ದವರಿಗೆ ಮಾರಿದ ಸಬ್‌ಪ್ರೈಮ್ ಸಾಲಗಳಲ್ಲಿ 2/28 ಎಂಬುದೊಂದು ಬಗೆ ಇತ್ತು: ಮೊದಲ 2 ವರ್ಷ ಸ್ಥಿರವಾದ, ಕಟ್ಟಬಹುದು ಎನ್ನಿಸುವ ಬಡ್ಡಿ, ಉಳಿದ 28 ವರ್ಷ ಏರಿಳಿಯುವ ಬಡ್ಡಿ. ಎರಡು ವರ್ಷವಾಗುವಷ್ಟರಲ್ಲಿ ಮನೆಯ ಬೆಲೆ ಏರಿರುತ್ತದೆ, ಆಗ ಬೇರೆ ಸಾಲಕ್ಕೆ ಬದಲಾಯಿಸಿಕೊಳ್ಳಬಹುದು ಎಂಬ ಭರವಸೆಯ ಮೇಲೆ ಜನ ಸಹಿ ಹಾಕಿದರು. ಬೆಲೆ ಇಳಿಯಿತು, ಕಂತು ಏರಿತು, ಬದಲಾಯಿಸಿಕೊಳ್ಳುವ ಬಾಗಿಲು ಮುಚ್ಚಿತು. ಲಕ್ಷಾಂತರ ಕುಟುಂಬಗಳ ಮನೆ ಹರಾಜಾಯಿತು. ಅವರಲ್ಲಿ ಯಾರ ಅರ್ಜಿಯೂ ತಿರಸ್ಕಾರವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ದಾಖಲೆ ಕೆಟ್ಟವನು ಮನೆಯ ಆಸೆಯನ್ನೇ ಬಿಡಬೇಕೇ ಎಂದರೆ, ಇಲ್ಲ. ದಾಖಲೆಯಲ್ಲಿ ಕಡಿಮೆಯಾದದ್ದನ್ನು ಬೇರೆ ಕಡೆ ತುಂಬಿಕೊಡಬಹುದು. ಅಮೆರಿಕದ ಸರ್ಕಾರಿ ವಿಮೆಯಿರುವ ಎಫ್‌ಎಚ್‌ಎ ಸಾಲದ ನಿಯಮವೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಅಂಕ 580 ಅಥವಾ ಮೇಲಿದ್ದರೆ ಮನೆಯ ಬೆಲೆಯ ಶೇಕಡಾ 3.5 ಕೈಯಿಂದ ಹಾಕಿದರೆ ಸಾಕು, 500ರಿಂದ 579ರ ನಡುವೆ ಇದ್ದರೆ ಶೇಕಡಾ 10 ಹಾಕಬೇಕು. ಬೇರೆ ಕಡೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿರದಿದ್ದರೂ ಸಾಲ ಕೊಡುವವನ ಮನಸ್ಸು ನಡೆಯುವುದು ಹೀಗೆಯೇ. ಕೈಯ ಹಣ ಹೆಚ್ಚಿದಷ್ಟೂ ಅವನ ಭಯ ಇಳಿಯುತ್ತದೆ. ಹೆಂಡತಿಯನ್ನೋ ಮಗನನ್ನೋ ಸಹಸಾಲಗಾರರನ್ನಾಗಿ ಸೇರಿಸಿಕೊಳ್ಳುವುದೂ ಉಂಟು. ಆದರೆ ಅದರಿಂದ ನಮ್ಮ ಕಲೆ ಅಳಿಯುವುದಿಲ್ಲ, ಮುಂದೆ ಕಂತು ತಪ್ಪಿದರೆ ಅವರ ದಾಖಲೆಗೂ ಮೆತ್ತಿಕೊಳ್ಳುತ್ತದೆ ಎಂಬುದನ್ನು ಅವರಿಗೆ ಮೊದಲೇ ಹೇಳಬೇಕು. ಸ್ಕೋರ್ ಸರಿಮಾಡಿಕೊಡುತ್ತೇವೆಂದು ಮುಂಗಡ ಕೇಳುವವರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ: ನಿಜವಾದ ದಾಖಲೆಯನ್ನು ಯಾರೂ ಅಳಿಸಲಾರರು, ಸುಳ್ಳು ದಾಖಲೆಯನ್ನು ನಾವೇ ಕಾಸು ಖರ್ಚಿಲ್ಲದೆ ತಿದ್ದಿಸಬಹುದು.

ಉಳಿದದ್ದು ಕಾಲ. ಅಮೆರಿಕದ 1970ರ ಕಾಯ್ದೆಯ ಪ್ರಕಾರ ಹೆಚ್ಚಿನ ಕೆಟ್ಟ ದಾಖಲೆಗಳನ್ನು 7 ವರ್ಷಕ್ಕಿಂತ ಹೆಚ್ಚು ತೋರಿಸುವಂತಿಲ್ಲ. ಬ್ರಿಟನ್ನಿನಲ್ಲಿ ಸುಸ್ತಿಯಾದ ಸಾಲ 6 ವರ್ಷಕ್ಕೆ ರಿಪೋರ್ಟಿನಿಂದ ಇಳಿಯುತ್ತದೆ. ಭಾರತದ ನಿಯಮಾವಳಿಯಲ್ಲಿ 7 ವರ್ಷ ಎಂಬ ಅಂಕಿ ಬರುವುದು ಕನಿಷ್ಠ ಎಷ್ಟು ಕಾಲ ಮಾಹಿತಿಯನ್ನು ಇಟ್ಟುಕೊಳ್ಳಬೇಕು ಎಂಬ ಕಡೆ. ಒಂದು ಕಡೆ ಗರಿಷ್ಠ, ಇನ್ನೊಂದು ಕಡೆ ಕನಿಷ್ಠ. ನನಗೆ ಮೊದಲನೆಯದೇ ನ್ಯಾಯ ಎನ್ನಿಸುತ್ತದೆ. ಸಾಲ ಕೊಡುವವನಿಗೆ ನೆನಪಿಟ್ಟುಕೊಳ್ಳುವ ಹಕ್ಕು ಇರುವಂತೆ, ಆ ನೆನಪಿಗೆ ಒಂದು ಕೊನೆಯೂ ಇರಬೇಕು.

ನಾನು ಮಧ್ಯವರ್ತಿಗೆ ಬೇಡ ಎಂದು ಹೇಳಿ, ಕಾರ್ಡಿನವರು ಬಿಟ್ಟುಕೊಟ್ಟಿದ್ದ ಆ ಉಳಿದರ್ಧವನ್ನೂ ಕಟ್ಟುತ್ತೇನೆಂದು ಫೋನ್ ಮಾಡಿ ಕೇಳಿದಾಗ, ಫೋನಿನ ಆ ತುದಿಯಲ್ಲಿದ್ದ ಹುಡುಗಿಗೆ ನನ್ನ ಮಾತು ಅರ್ಥವಾಗಲು ಐದು ನಿಮಿಷ ಹಿಡಿಯಿತು. ಮೂರು ಕಂತಿನಲ್ಲಿ ಕಟ್ಟಿ, ಬಾಕಿಯಿಲ್ಲ ಎಂಬ ಪತ್ರ ಪಡೆದು, ರಿಪೋರ್ಟಿನಲ್ಲಿ 'ಕ್ಲೋಸ್ಡ್' ಎಂದು ಬದಲಾಗುವವರೆಗೆ ಬೆನ್ನು ಹತ್ತಿ, ಆಮೇಲೆ ಎರಡು ವರ್ಷ ಬಾಡಿಗೆ ಮನೆಯಲ್ಲೇ ಇದ್ದೆ. ಕೊನೆಗೆ ಬೇರೊಂದು ಬ್ಯಾಂಕಿನ ಅಧಿಕಾರಿ ಆ ಪತ್ರವನ್ನು ಎರಡು ಸಲ ಓದಿ, ಹಿಂದುಗಡೆ ಖಾಲಿ ಇದ್ದರೂ ಎರಡೂ ಬದಿ ಜೆರಾಕ್ಸ್ ಮಾಡಿಸಿಕೊಂಡು, ಬೇರೆಯವರಿಗಿಂತ ಶೇಕಡಾ ಅರ್ಧ ಹೆಚ್ಚಿನ ಬಡ್ಡಿಗೆ ಸಾಲ ಮಂಜೂರು ಮಾಡಿದರು. ತಂಗಿಯ ಕೈಗಡದಲ್ಲಿ ಇನ್ನೂ ಸ್ವಲ್ಪ ಬಾಕಿ ಇದೆ. ಅದು ಯಾವ ರಿಪೋರ್ಟಿನಲ್ಲೂ ಬಂದಿಲ್ಲ.