ಆಮೆಯ ಪಕ್ಕ ನಿಂತ ಅಳಿಯ

1837ರಲ್ಲಿ ಲೂಯಿ ಫಿಲಿಪ್ ದೊರೆ ವಸ್ತುಸಂಗ್ರಹಾಲಯವನ್ನಾಗಿ ತೆರೆದ ವರ್ಸೇಲ್ಸ್ ಅರಮನೆಗೆ ಅತ್ತೆಯವರನ್ನೂ ಭಾವಮೈದುನನನ್ನೂ ಕರೆದೊಯ್ದಾಗ, ಕನ್ನಡಿ ಮಹಲಿನ ನೂಕುನುಗ್ಗಲಿನಲ್ಲಿ ಯಾರಾದರೂ ಕಳೆದುಹೋದಾರೆಂಬ ಆತಂಕ ನನಗಿತ್ತು. ಕೊನೆಗೆ ಕಳೆದುಹೋದದ್ದು ಮನೆಯವರ ನಡುವಿನ ಶಾಂತಿ, ಅದೂ ಹೊರಗಿನ ತೋಟದಲ್ಲಿ, ಅಮೃತಶಿಲೆಯ ವಿಗ್ರಹಗಳ ಎದುರಿಗೆ.

ಹದಿನಾಲ್ಕನೆಯ ಲೂಯಿಗಾಗಿ 1674ರಲ್ಲಿ ಚಿತ್ರಕಾರ ಶಾರ್ಲ್ ಲೆ ಬ್ರನ್ ರೇಖಾಚಿತ್ರ ಬರೆದುಕೊಟ್ಟು ಹಲವು ಶಿಲ್ಪಿಗಳಿಂದ ಕಡೆಸಿದ 24 ಮೂರ್ತಿಗಳಿವು. ಋತು, ಮಣ್ಣು-ನೀರು-ಗಾಳಿ-ಬೆಂಕಿಯೆಂಬ ಭೂತ, ಖಂಡ, ದಿನದ ಹೊತ್ತು, ಕಾವ್ಯ, ಮನೋಧರ್ಮ ಎಂದು ಒಂದೊಂದರಲ್ಲೂ ನಾಲ್ಕು ನಾಲ್ಕು ಬಗೆ. ಎಲ್ಲಕ್ಕೂ ಮನುಷ್ಯರೂಪ, ಗುರುತು ಹತ್ತಲೆಂದು ಒಂದೊಂದು ಲಾಂಛನ. ಅತ್ತೆಯವರಿಗೆ ಇದನ್ನು ವಿವರಿಸುವ ಪ್ರಮೇಯವೇ ಬರಲಿಲ್ಲ. “ವಾಹನ ನೋಡಿದರೆ ತಿಳಿಯುತ್ತದಲ್ಲ” ಎಂದು ಅವರು ಮುಂದೆ ನಡೆದರು.

ಬದಿಯಲ್ಲಿ ಸಿಂಹವಿರುವವನು ಪಿತ್ತ ಕೆರಳಿದ ಕೋಪಿಷ್ಠನೆಂದು ನಾನು ಹೇಳಿದ್ದೇ ತಡ, ನನ್ನ ಹೆಂಡತಿ ತಮ್ಮನನ್ನು ಕರೆದು ಫೋಟೋಕ್ಕೆ ಅಲ್ಲಿ ನಿಲ್ಲಿಸಿದಳು. “ನನಗೆಲ್ಲಿದೆ ಅಕ್ಕ ಕೋಪ?” ಎಂದು ಅವನು ಅರಚಿದ ರಭಸಕ್ಕೆ ಅಕ್ಕಪಕ್ಕದ ಪ್ರವಾಸಿಗಳು ಸಿಂಹವನ್ನು ಬಿಟ್ಟು ಅವನನ್ನೇ ನೋಡತೊಡಗಿದರು. ಸೇಡಿಗಾಗಿ ಅವನು ಕಫಪ್ರಕೃತಿಯವನ ಕಾಲಬಳಿಯ ಆಮೆಯನ್ನು ಹುಡುಕಿ ತೆಗೆದು, “ಭಾವ, ನೀವು ಇಲ್ಲಿ ನಿಲ್ಲಿ” ಎಂದ. ಗ್ಯಾಸ್ ಬುಕ್ ಮಾಡಲು, ಕರೆಂಟ್ ಬಿಲ್ ಕಟ್ಟಲು ನಾನು ತೆಗೆದುಕೊಳ್ಳುವ ಕಾಲಾವಕಾಶದ ಕುರಿತ ವಿಚಾರಣೆ ಫ್ರಾನ್ಸಿನ ನೆಲದಲ್ಲಿಯೇ ಆರಂಭವಾಯಿತು. ಅತ್ತೆಯವರು ಮಾತ್ರ, “ಅಳಿಯಂದಿರಿಗೆ ಕಫ ಇರುವುದು ನಿಜ, ಊರಿಗೆ ಹೋದಮೇಲೆ ಶುಂಠಿ ಕಷಾಯ ಮಾಡಿಕೊಡುತ್ತೇನೆ” ಎಂದು ನನ್ನ ಪರ ವಹಿಸಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪುಸ್ತಕವನ್ನೂ ಹಣದ ಚೀಲವನ್ನೂ ಹಿಡಿದು ನಿಂತ ವಿಷಣ್ಣಮೂರ್ತಿ. ಸಂಸಾರಸಮೇತ ಪ್ರವಾಸ ಹೊರಟು ಖರ್ಚು ಬರೆದಿಡುವವನ ಪಾಡನ್ನು ಕಲ್ಲಿನಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಕಡೆದಿರಲಾರರು.

ಚಳಿಗಾಲವೆಂದರೆ ಜಿರಾರ್ದೋನ್ ಕಡೆದ ಗಡ್ಡದ ಮುದುಕ. ಮೈತುಂಬ ಹೊದ್ದು, ಕಾಲಬಳಿಯ ಅಗ್ಗಿಷ್ಟಿಕೆಗೆ ಮೈ ಕಾಯಿಸಿಕೊಳ್ಳುತ್ತಾನೆ. ಹಿಮಕ್ಕೆ ಅಮೃತಶಿಲೆ ಬಿರುಕು ಬಿಡದಿರಲೆಂದು ಆ ತಿಂಗಳುಗಳಲ್ಲಿ ತೋಟದ ವಿಗ್ರಹಗಳಿಗೆ ಟಾರ್ಪಾಲು ಹೊದಿಸುತ್ತಾರೆಂದು ನಾನು ಹೇಳಿದಾಗ, ಅತ್ತೆಯವರು ಮುದುಕನ ಕಾಲಬಳಿ ಬಗ್ಗಿ ನೋಡಿ ಕೇಳಿದರು: “ಬೆಂಕಿ ಆರಿಸಿದಮೇಲೆ ತಾನೆ ಹೊದಿಸುವುದು?”