ಪೆನ್ಸಿಲ್ ಗುರುತು ಅಳಿಸಿ ಯಾರೂ ನಮ್ಮನ್ನು ಸೋಲಿಸಲಿಲ್ಲ

2025ರ ಏಪ್ರಿಲ್ 28ರ ಕೆನಡಾ ಚುನಾವಣೆಯಲ್ಲಿ ಪೆನ್ಸಿಲ್ ಗುರುತು ಅಳಿಸಿ, ಮತಯಂತ್ರ ತಿರುಚಿ ಕನ್ಸರ್ವೇಟಿವ್ ಪಕ್ಷವನ್ನು ಸೋಲಿಸಿದರು ಎಂಬ ಸಂದೇಶ ಹರಿದಾಡುತ್ತಿದೆ. ಆ ಪಕ್ಷಕ್ಕೇ ಮತ ಹಾಕಿದವನಾಗಿ ಹೇಳುತ್ತಿದ್ದೇನೆ, ಇದು ಸುಳ್ಳು.

ಅಲ್ಲಿನ ಫೆಡರಲ್ ಚುನಾವಣೆಯಲ್ಲಿ ಮತ ಎಣಿಸುವ ಯಂತ್ರವೇ ಇಲ್ಲ. ಕಾಗದದ ಮತಪತ್ರಗಳನ್ನು ಕೈಯಿಂದಲೇ ಎಣಿಸುತ್ತಾರೆ, ಅಭ್ಯರ್ಥಿಗಳ ಪ್ರತಿನಿಧಿಗಳು ಪಕ್ಕದಲ್ಲೇ ನಿಂತು ನೋಡಬಹುದು. ಮತಗಟ್ಟೆಯಲ್ಲಿ ಪೆನ್ಸಿಲ್ ಕೊಡುವುದು ನಿಜ. ಬೇಡವೆನಿಸಿದರೆ ಸ್ವಂತ ಪೆನ್ನು ಒಯ್ಯಲು ಅಡ್ಡಿಯಿಲ್ಲ. ನಮ್ಮ ಪಕ್ಷದ ನಾಯಕ ಪಿಯರ್ ಪೊಲಿಯೆವ್ರ್ ಸೋತ ಕ್ಷೇತ್ರವಾದ ಕಾರ್ಲ್‌ಟನ್‌ನಲ್ಲಿ ಎಣಿಕೆ ತಡವಾಯಿತಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ 91 ಅಭ್ಯರ್ಥಿಗಳಿದ್ದರು, ಮತಪತ್ರ ಸುಮಾರು ಒಂದು ಮೀಟರ್ ಉದ್ದವಿತ್ತು!

ನಮಗೆ ಶೇ 41ಕ್ಕೂ ಹೆಚ್ಚು ಮತ ಬಂತು. ಆದರೆ ಟ್ರಂಪ್ ಸುಂಕ ಹೇರಿ, ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂದ ಮೇಲೆ ಎಡ ಒಲವಿನ ಪಕ್ಷವಾದ ಎನ್‌ಡಿಪಿ ಬೆಂಬಲಿಗರು ದೊಡ್ಡ ಸಂಖ್ಯೆಯಲ್ಲಿ ಲಿಬರಲ್ ಕಡೆ ವಾಲಿದರು. ಎನ್‌ಡಿಪಿಗೆ ಉಳಿದದ್ದು 7 ಸೀಟು. ಗೆದ್ದ ಲಿಬರಲ್ ಪಕ್ಷದ ನಾಯಕ ಮಾರ್ಕ್ ಕಾರ್ನಿ ಗ್ರಾಹಕರ ಮೇಲಿನ ಕಾರ್ಬನ್ ತೆರಿಗೆ (ಇಂಧನ ಬಳಕೆಯ ಮೇಲಿನ ತೆರಿಗೆ) ನಿಲ್ಲಿಸಿ ನಮ್ಮ ಮುಖ್ಯ ಘೋಷಣೆಯನ್ನೇ ಕಸಿದುಕೊಂಡರು. ಮನೆ ಬೆಲೆ, ದಿನಸಿ ಖರ್ಚಿನ ಬಗ್ಗೆ ಪೊಲಿಯೆವ್ರ್ ಹೇಳಿದ್ದು ಸರಿ ಎಂದು ಈಗಲೂ ನಂಬುತ್ತೇನೆ. ಟ್ರಂಪ್ ವಿಷಯದಲ್ಲಿ ಮಾತ್ರ ಅವರು ಗಟ್ಟಿ ದನಿ ಎತ್ತಿದ್ದು ತಡವಾಯಿತು. ಪಕ್ಷ ಚರ್ಚಿಸಬೇಕಾದದ್ದು ಅದನ್ನು, ಪೆನ್ಸಿಲನ್ನಲ್ಲ.